ರೈತರ ಕಡೆಗೆ ತಿರುಗಿದ ಪರದೆ

ಗುಂಡ್ಲುಪೇಟೆಯ ಚೆಂಡುಹೂವಿನ ಖರೀದಿ ಕೇಂದ್ರದಲ್ಲಿ ನಾನು ಬಿಲ್ ಹಾಕುತ್ತಿದ್ದೆ. ಅಲ್ಲಿನ ಮ್ಯಾನೇಜರು ತೂಕ ತೋರಿಸುವ ಕಂಪ್ಯೂಟರಿನ ಪರದೆಯನ್ನು ರೈತರ ಕಡೆಗೇ ತಿರುಗಿಸಿಡುತ್ತಿದ್ದರು. ನಾನು ಕತ್ತು ಓರೆ ಮಾಡಿ ಓದಬೇಕು. ಗೊಣಗಿದರೆ, “ಮೊದ್ಲು ಅವ್ರು ನೋಡ್ಲಿ ಬುಡು” ಎನ್ನುತ್ತಿದ್ದರು.

ಹಳೆಯ ಆಪರೇಟಿಂಗ್ ಸಿಸ್ಟಂ ಇನ್ನು ಸುರಕ್ಷಿತವಲ್ಲವೆಂದು ಹೆಡ್ಡಾಫೀಸಿನವರು ಟೆಕ್ನಿಷಿಯನ್‌ನನ್ನು ಕಳಿಸಿದರು. ಅವನು ಹೊಸದನ್ನು ಹಾಕಿದ ಮೇಲೆ ಮ್ಯಾನೇಜರು ಚಪ್ಪಲಿ ಬಿಟ್ಟು ತಾವೇ ತೂಕದ ಯಂತ್ರ ಹತ್ತಿ ನಿಂತರು. ಪರದೆ ಖಾಲಿ. ಅವರು ಕೆಳಗಿಳಿದ ಮೇಲೆ ತೂಕ ಮೂಡಿತು.

“ನಿಧಾನ ಆದ್ರೂ ಲೆಕ್ಕ ಸರ್ಯಾಗೇ ಅದೆ ಸಾ” ಎಂದ ಟೆಕ್ನಿಷಿಯನ್.

“ಮೂಟೆ ಇಳಿಸ್ದ ಮ್ಯಾಲೆ ತೂಕ ಬಂದ್ರೆ ಯಾರ್ಲಾ ನಂಬ್ತಾರೆ? ಆಫೀಸ್ನ ಕಂಪ್ಯೂಟ್ರೆಲ್ಲ ಬದ್ಲಾಯ್ಸು. ಇದ್ಕೆ ಹಳೇದ್ನೇ ಹಾಕ್ಬುಡು” ಎಂದರು ಮ್ಯಾನೇಜರು.

ಹಳೆಯದು ಬಂದ ಮೇಲೆ ಮತ್ತೆ ಯಂತ್ರ ಹತ್ತಿದರು. ಹೂವಿನ ಮೂಟೆಯೊಂದಿಗೆ ಕಾಯುತ್ತಿದ್ದ ಹೆಂಗಸಿಗೆ ಹೇಳಿದರು: “ಎಷ್ಟದೆ, ನೋಡವ್ವ.”