ಇಳಿದ ಮೇಲಿನ ದಾರಿ

ಮೊನ್ನೆ ಮಳವಳ್ಳಿ ಮಾರ್ಕೆಟ್ಟಿನ ಮೀನಂಗಡಿ ಮುಂದೆ ನಿಂತಿದ್ದೆ. ಐಸ್ ಗಡ್ಡೆಗೆ ಹಾಕಿದ್ದ ಮರದ ಹೊಟ್ಟು ನೆನೆದು ವಾಸನೆ ಬಂತು. ಮೀನು ಬೇಡವೆನಿಸಿತು. ಪಕ್ಕದ ಮನೆ ಅಕ್ಕ ನೆನಪಾದಳು...

ನಮ್ಮೂರಲ್ಲಿ ಮೊದಲು ವಿಮಾನ ಹತ್ತಿದವನು ನಾನು. ಡೆಲ್ಲಿಗೆ ಹೋಗಿ ಬಂದು, ಕಿಟಕಿಯಿಂದ ಕೈ ಹಾಕಿ ಮೋಡ ಕಿತ್ತುಕೊಂಡೆ ಎಂದಿದ್ದೆ. ಆತಗೂರಿನ ನೆಂಟರೂ ನಂಬಿದ್ದರು. ಅಕ್ಕ ಮಾತ್ರ, "ಎಲ್ಲಿ, ಒಂಚೂರು ಕೊಡು, ರೊಟ್ಟಿಗೆ ನೆಂಚ್ಕತೀನಿ" ಎಂದು ಕೈಯೊಡ್ಡಿದ್ದಳು.

ಅವಳ ಗಂಡ ಒಂದು ಬೆಳಿಗ್ಗೆ ತೀರಿಕೊಂಡ. ಒಬ್ಬಳೇ ಮಗಳು ಡೆಲ್ಲಿಯಲ್ಲಿ ನರ್ಸು. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು ಎಂದರು ಹಿರಿಯರು. ಶವ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆ ಬೇರೆ ಊರಿಗೆ ಹೋಗಿತ್ತು. ನಾನೇ ಮೀನಂಗಡಿಯಿಂದ ಐಸ್ ತಂದು ಸುತ್ತ ಜೋಡಿಸಿದೆ.

ಅಕ್ಕ ನನ್ನ ಅಂಗಿ ಹಿಡಿದಳು. "ಇಮಾನ ಎಷ್ಟೊತ್ತಿಗೆ ಬತ್ತದ್ಲಾ?"

"ಹತ್ತಿದ್ಮೇಲೆ ಎರಡೂಮುಕ್ಕಾಲು ಗಂಟೆ ಕಣಕ್ಕ. ಆದ್ರೆ ಇಳಿದ್ಮೇಲೆ ದೇವನಹಳ್ಳಿಯಿಂದ ಇಲ್ಲಿಗೂ ಬರ್ಬೇಕಲ್ಲ."

"ಅಷ್ಟು ದೂರ ಆರ್ಕೊಂಡು ಬರೋಳ್ಗೆ ಇದೇನ್ಲಾ ದೂರ? ಅಪ್ಪನ ಮುಖ ನೋಡ್ತಳೆ ಬುಡು."

ಮಧ್ಯಾಹ್ನದ ಮೇಲೆ ಫೋನು ಬಂತು. ಇಳಿದಿದ್ದಳು. ಇನ್ನೇನು ಬಂದೇ ಬಿಟ್ಟಳು ಎಂದು ಬೀದಿಯೆಲ್ಲ ರಸ್ತೆ ನೋಡಿತು. ಸಾವಿರದ ಏಳುನೂರು ಕಿಲೋಮೀಟರು ಆಕಾಶ ದಾಟಿದ ಹುಡುಗಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತಿದ್ದಳು. ಕನಕಪುರ ಇನ್ನೂ ಸಿಕ್ಕಿರಲಿಲ್ಲ. ಐಸ್ ಕರಗಿ ಅಂಗಳದಲ್ಲಿ ಹರಿಯುತ್ತಿತ್ತು.

ಹೊತ್ತು ತಳ್ಳಲು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಹಾರೆ, ಗುದ್ದಲಿಗಳನ್ನು ಹುಲ್ಲಿನ ಮೆದೆಗೆ ತುರುಕಿದೆ. ಚಟ್ಟದ ಬಿದಿರು ಗಿಡ್ಡವಾಯಿತು ಎಂದು ಜಗಳ ತೆಗೆದೆ. ಗುಂಡಿ ಸಾಲದು ಎಂದು ನಾನೇ ಅದರೊಳಗೆ ಮಲಗಿ ಅಳತೆ ಕೊಟ್ಟೆ. ಒಂದಿಬ್ಬರು ನಕ್ಕರು.

"ಎದ್ದೇಳ್ಲಾ! ಸಾವ್ನಲ್ಲೂ ನಿನ್ ಕುಚೋದ್ಯ ಬುಡಕಿಲ್ವಾ?" ಎಂದು ಅಕ್ಕನ ಮೈದುನ ರಟ್ಟೆ ಹಿಡಿದು ಎಳೆದ.

ಹೊತ್ತು ಮರದ ತುದಿಗಿಳಿದಾಗ ದೇಹವನ್ನು ಇಳಿಸಿದರು. ಕಾಲಿನ ಕಡೆಯಿಂದ ಮಣ್ಣು ಹಾಕಿ, ಮುಖ ಬಿಡಿ ಎಂದು ಅಕ್ಕ ಕೈಮುಗಿದಳು. ನಾನು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ಮೂರು ಮೂರು ಹಿಡಿ ಹಾಕಿಸಿದೆ. ಕೊನೆಗೆ ನಿಲ್ಲಿಸಲು ಜನವೇ ಉಳಿಯಲಿಲ್ಲ... ಮುಖವೊಂದೇ ಕಾಣುತ್ತಿತ್ತು. ಮತ್ತೆ ಫೋನು: ಹಲಗೂರು ದಾಟಿದ್ದಾಳೆ.

"ಇನ್ನರ್ಧ ಗಂಟೆ," ಎಂದೆ. ಯಾರ ಕಾಲಿಗೆ ಬೀಳಬೇಕೋ ತಿಳಿಯದೆ ಎಲ್ಲರ ಕಾಲಿಗೂ ಬಿದ್ದೆ. ಇದೂ ಒಂದು ಆಟವೆಂದೇ ಅವರು ತಿಳಿದರು.

ಮೈದುನ ಗುದ್ದಲಿ ಎತ್ತಿದ. ಅಕ್ಕ ತಡೆದಳು. "ಮುಖಕ್ಕೆ ಗುದ್ದಲಿ ಬ್ಯಾಡ." ಅವಳೇ ಬಗ್ಗಿ ಸೆರಗಿನಿಂದ ಗಂಡನ ಹಣೆ ಒರೆಸಿದಳು. ಹೆಂಟೆ ಪುಡಿಮಾಡಿ, ಕಲ್ಲು ಆರಿಸಿ ಎಸೆದು, ಬೊಗಸೆಯಲ್ಲಿ ಮಣ್ಣು ಸುರಿದಳು.

ಮಗಳು ಬಂದಾಗ ಕತ್ತಲಾಗಿತ್ತು. ಡೆಲ್ಲಿಯ ಸ್ವೆಟರಿನಲ್ಲೇ ದಿಬ್ಬದ ಮೇಲೆ ಬಿದ್ದಳು. ಅಕ್ಕ ಅವಳನ್ನು ಮುಟ್ಟಲಿಲ್ಲ. ಮಣ್ಣಾದ ಕೈಗಳನ್ನು ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.

ಆಮೇಲೆ ಮಗಳು ಊರಿಗೆ ಹೊರಟಾಗಲೆಲ್ಲ ಇಳಿದ ಕೂಡಲೇ ನನಗೆ ಫೋನು ಮಾಡುತ್ತಿದ್ದಳು. ನಾನು ಹೋಗಿ ಹೇಳಬೇಕು. ಅಕ್ಕ ನಂಬುತ್ತಿರಲಿಲ್ಲ. "ಇಳಿದ್ರೆ ಬಂದಂಗಾ?" ಎಂದು, ಕಾರು ಬರುವ ತನಕ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಈ ವರ್ಷ ಅಕ್ಕನೂ ಹೋದಳು.

ನಿನ್ನೆ ಫೋನು ಬಂತು. "ಮಾವ, ಇಳ್ದೆ. ಅವ್ವಂಗೆ ಹೇಳ್..." ಎಂದಳು. ನಾನು ಹೋಗಿ, ಕಾರು ಬರುವ ತನಕ ಅಕ್ಕನ ಜಗಲಿಯ ಮೇಲೆ ಕೂತೆ.