ನೆಗೆಣ್ಣಿ ಕಳಿಸಿದ ಕರಡಿಮರಿ

ಮೈದುನನ ಹೆಂಡತಿಗೆ ನಮ್ಮ ಧಾರವಾಡದ ಕಡೆ ನೆಗೆಣ್ಣಿ ಅನ್ನುತ್ತಾರೆ. ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ಎರಡು ಸಾವಿರದ ಎರಡೋ ಮೂರೋ ಇರಬೇಕು. ಗಂಡನ ಕೆಲಸದಿಂದಾಗಿ ನಾವು ವಿಶಾಖಪಟ್ಟಣದಲ್ಲಿದ್ದೆವು, ಮೈದುನನ ಸಂಸಾರ ವಿಜಯವಾಡದಲ್ಲಿ. ನಾನು ಎಂ.ಎಸ್ಸಿ. ಮಾಡಿ ಪರವಾಡದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಅವಳು ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದಳು. ಅದೂ ಟೆಂಪರರಿ. ಆದರೂ ಅತ್ತೆ ಬಂದವರಿಗೆಲ್ಲ, "ಸಣ್ಣ ಸೊಸಿ ಕಂಪ್ಯೂಟರ್ ಓದ್ಯಾಳ್ರಿ. ದೊಡ್ಡಾಕಿ ಬಾಟ್ಲಿ ತೊಳಿಯೂ ಕೆಲಸಕ್ಕ ಹೋಗ್ತಾಳ" ಅನ್ನುತ್ತಿದ್ದರು. ವರ್ಷಕ್ಕೆ ಹತ್ತು ತಿಂಗಳು ಅವರು ಇರುತ್ತಿದ್ದದ್ದು ವಿಜಯವಾಡದಲ್ಲೇ. ನಮ್ಮ ಮನೆಗೆ ಬಂದರೆ ಸಮುದ್ರದ ಗಾಳಿಗೆ ಮೊಣಕಾಲು ಹಿಡಿಯುತ್ತದಂತೆ. ವಿಜಯವಾಡದ ಬೇಸಿಗೆ ಮಾತ್ರ ಮೈಗೆ ಹಿತವಂತೆ.

ನೆಗೆಣ್ಣಿಗೆ ಒಂದು ಚಟವಿತ್ತು. ವೈರಸ್ ಬಗ್ಗೆ ಯಾವ ಎಚ್ಚರಿಕೆಯ ಮೇಲ್ ಬಂದರೂ ಕುಟುಂಬದವರಿಗೆಲ್ಲ ಕಳಿಸುತ್ತಿದ್ದಳು. ಇಂಥ ಹೆಸರಿನ ಮೇಲ್ ತೆರೆದರೆ ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ, ಇದಕ್ಕೆ ಮದ್ದಿಲ್ಲ, ತಡಮಾಡದೆ ಎಲ್ಲರಿಗೂ ತಿಳಿಸಿ. ಹುಬ್ಬಳ್ಳಿಯಿಂದ, ಗದಗದಿಂದ ಅವಳಿಗೆ ಫೋನುಗಳ ಸುರಿಮಳೆ: ನೀ ಹೇಳಿದ್ದಕ್ಕ ಉಳಕೊಂಡ್ವಿ ನೋಡವಾ. ನನ್ನ ಗಂಡನೂ ಅವಳ ಮೇಲ್ ಓದಿ ತಲೆದೂಗುತ್ತಿದ್ದ. ಉರಿಯುವ ಹೊಟ್ಟೆಗೆ ಅದು ತುಪ್ಪ ಸುರಿದಂತೆ.

ಲ್ಯಾಬಿನಲ್ಲಿ ನಾವು ಚೀಟಿಯಿಲ್ಲದ ಬಾಟಲಿಯನ್ನು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಎಲ್ಲಿಂದ ಬಂತು, ಯಾರು ತುಂಬಿದರು, ಯಾವತ್ತು? ಉತ್ತರವಿಲ್ಲದಿದ್ದರೆ ಒಳಗೆ ಅಮೃತವಿದ್ದರೂ ಮೋರಿಗೆ. ಒಂದು ದಿನ ಅವಳ ಮೇಲನ್ನು ಅದೇ ಕಣ್ಣಿನಿಂದ ಓದಿದೆ. ತಾರೀಖಿಲ್ಲ. "ನಿನ್ನೆ ಪತ್ತೆಯಾಯಿತು" ಅಂದರೆ ಯಾವ ನಿನ್ನೆ? ದೊಡ್ಡ ಕಂಪನಿಯೊಂದರ ಹೆಸರಿದೆ, ಹೇಳಿದ ಮನುಷ್ಯನ ಹೆಸರಿಲ್ಲ. ಹೆದರಿಸುವುದೊಂದು, ಹಂಚಿ ಅನ್ನುವುದೊಂದು, ಇವೆರಡು ಬಿಟ್ಟರೆ ಅದರಲ್ಲಿ ಮೂರನೆಯ ವಿಷಯವೇ ಇರಲಿಲ್ಲ.

ಆಮೇಲೆ ಕರಡಿಮರಿ ಬಂತು. ನಿಮ್ಮ ಕಂಪ್ಯೂಟರಿನಲ್ಲಿ ಇಂಥ ಫೈಲ್ ಹುಡುಕಿ, ಪಕ್ಕದಲ್ಲಿ ಪುಟ್ಟ ಕರಡಿಮರಿಯ ಚಿತ್ರವಿದ್ದರೆ ಅದೇ ವೈರಸ್, ಅಳಿಸಿಹಾಕಿ, ಅಂತ. ಕೆಳಗೆ ನೆಗೆಣ್ಣಿ ತಾನೇ ಎರಡು ಸಾಲು ಸೇರಿಸಿದ್ದಳು: ನನಗೂ ಸಿಕ್ಕಿತು, ಅಳಿಸಿದೆ. ಸೋಮವಾರ ದೊಡ್ಡ ಡಾಕ್ಟರನ್ನು ಕೇಳಿ ಆಸ್ಪತ್ರೆಯ ಎಲ್ಲರಿಗೂ ಕಳಿಸುತ್ತೇನೆ.

ಅಂದು ಶುಕ್ರವಾರ. ಊಟದ ಬಿಡುವಿನಲ್ಲಿ ಲ್ಯಾಬಿನ ಕಂಪ್ಯೂಟರಿನಲ್ಲಿ ಹುಡುಕಿದೆ. ವೈರಸ್ ತಡೆಯುವ ಸಾಫ್ಟ್‌ವೇರ್ ಮಾಡುವವರೇ ಸುಳ್ಳು ಎಚ್ಚರಿಕೆಗಳದ್ದೊಂದು ಪಟ್ಟಿ ಇಟ್ಟಿದ್ದರು. ಅದರಲ್ಲಿ ಕರಡಿಮರಿ ಕೂತಿತ್ತು. ಅದು ಕಂಪ್ಯೂಟರಿನ ಸ್ವಂತದ ಫೈಲು, ಎಲ್ಲ ಯಂತ್ರದಲ್ಲೂ ಇರುವಂಥದ್ದು. ಹುಡುಕಿದವರಿಗೆಲ್ಲ ಸಿಗುತ್ತದೆ, ಸಿಕ್ಕಿದ್ದಕ್ಕೇ ನಂಬುತ್ತಾರೆ. ಆ ಪುಟವನ್ನು ಪ್ರಿಂಟ್ ತೆಗೆದು ಬ್ಯಾಗಿಗೆ ಸೇರಿಸಿದೆ. ಅವತ್ತು ಕಂಪನಿ ಬಸ್ಸಿನಲ್ಲಿ ನನ್ನಷ್ಟು ಖುಷಿಯಾಗಿದ್ದವರು ಇನ್ನೊಬ್ಬರಿರಲಿಲ್ಲ.

ಭಾನುವಾರ ಗಂಡ ವಿಜಯವಾಡಕ್ಕೆ ಫೋನ್ ಮಾಡಿ, ಮಾತು ಮುಗಿಸಿ ನನ್ನ ಕೈಗೆ ಕೊಟ್ಟ. ಆ ಕಡೆ ಅವಳೇ ಇದ್ದಳು. ಅತ್ತೆಯ ಮೊಣಕಾಲು ಹೇಗಿದೆ ಎಂದು ಕೇಳಿದೆ, ಫೋನ್ ಇಟ್ಟೆ. ಕರಡಿಮರಿಯ ವಿಷಯ ಹೇಳಲು ಮರೆತೆ ಎಂದು ಈಗ ಬರೆಯಬಹುದಿತ್ತು. ಮರೆತಿರಲಿಲ್ಲ.

ಮುಂದಿನ ಶನಿವಾರ ಅತ್ತೆಯನ್ನು ನಮ್ಮಲ್ಲಿಗೆ ಕರೆತರಲು ವಿಜಯವಾಡಕ್ಕೆ ಹೋದೆ. ಗವರ್ನರ್‌ಪೇಟೆಯಲ್ಲಿ ಇಳಿದು ನೆಗೆಣ್ಣಿಗೆಂದು ಒಂದು ಸೀರೆಯನ್ನೂ ಕೊಂಡೆ. ಗೆಲ್ಲುವವರ ಕೈ ಧಾರಾಳ.

ಮನೆಯಲ್ಲಿ ಅವಳು ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅತ್ತೆ. ಆಸ್ಪತ್ರೆಯವರೆಲ್ಲ ಅವಳ ಮಾತು ನಂಬಿ ಫೈಲ್ ಅಳಿಸಿದ್ದರು. ರಿಪೇರಿಯವನು ಬಂದು, ಇದು ವೈರಸ್ಸೇ ಅಲ್ಲ ಎಂದು ನಕ್ಕು, ಪ್ರತಿಯೊಂದು ಯಂತ್ರಕ್ಕೂ ವಾಪಸು ಹಾಕಿದ್ದ. ದೊಡ್ಡ ಡಾಕ್ಟರು ಎಲ್ಲರೆದುರು ಬೈದಿದ್ದರು. ಆ ತಿಂಗಳು ಕೈಸೇರಬೇಕಿದ್ದ ಕಾಯಂ ಆರ್ಡರು ನಿಂತುಹೋಗಿತ್ತು.

ಅತ್ತೆ ಅವಳ ತಲೆ ಸವರುತ್ತ, "ಪಾಪ, ಇಕಿಗೇ ಗೊತ್ತಾಗಲಿಲ್ಲ ಅಂದ್ರ ಇನ್ಯಾರಿಗೆ ಗೊತ್ತಿರತೈತಿ?" ಅಂದರು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಒಂದು ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬ್ಯಾಗಿನಿಂದ ಕಾಗದ ತೆಗೆದು ನೆಗೆಣ್ಣಿಯ ಕೈಗಿಟ್ಟೆ.

ಅವಳು ಪೂರ್ತಿ ಓದಿದಳು. ಪುಟದ ಕೆಳಗೆ ಅವಳ ಕಣ್ಣು ನಿಂತಿತು. ನಮ್ಮ ಲ್ಯಾಬಿನಲ್ಲಿ ಪ್ರಿಂಟರಿನಿಂದ ಬಂದ ಯಾವ ಹಾಳೆಯನ್ನೂ ಸಹಿ, ತಾರೀಖು, ವೇಳೆ ಬರೆಯದೆ ಎತ್ತುವಂತಿಲ್ಲ. ನನ್ನ ಕೈ ತನ್ನಷ್ಟಕ್ಕೆ ಬರೆದಿತ್ತು: ಹಿಂದಿನ ವಾರದ ಶುಕ್ರವಾರದ ತಾರೀಖು, ಮಧ್ಯಾಹ್ನ ಒಂದು ಇಪ್ಪತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರೂ ಏನೂ ಅನ್ನದೆಯೇ ಕುಂಬಳಕಾಯಿಯನ್ನೇ ತೆಗೆದು ಮುಂದಿಟ್ಟಿದ್ದೆ.

"ಏನಂತ ಬರದೈತಿ ಅದ್ರಾಗ?" ಅತ್ತೆಗೆ ಇಂಗ್ಲಿಷ್ ಬಾರದು.

ನೆಗೆಣ್ಣಿ ಹಾಳೆಯನ್ನು ನಾಲ್ಕಾಗಿ ಮಡಚಿದಳು. "ಆ ಮೇಲ್ ಸುಳ್ಳು ಅಂತ ರೀ ಅತ್ತಿ. ಆಸ್ಪತ್ರ್ಯಾಗ ತೋರಸಾಕ ಅನುಕೂಲ ಆಗಲಿ ಅಂತ ಅಕ್ಕಾ ನಿನ್ನೆ ಹುಡುಕಿ ತಂದಾರ."

"ನೋಡಿದೇನು? ದೊಡ್ಡಾಕಿ ಶಾಣ್ಯಾಕಿ" ಅಂದರು ಅತ್ತೆ. ಮದುವೆಯಾದಂದಿನಿಂದ ನಾನು ಕಾದದ್ದು ಈ ಮಾತಿಗೆ.

ಅಡುಗೆಮನೆಯಲ್ಲಿ ಅವಳ ಹಿಂದೆ ಹೋಗಿ ನಿಂತೆ. ಅವಳು ತಿರುಗಲಿಲ್ಲ.

"ಒಂದ ಫೋನ್ ಮಾಡಿದ್ರ ಆಗ್ತಿತ್ತಲ್ಲ ಅಕ್ಕಾ."

ನಾನು ಏನೋ ಹೇಳಲು ಹೋದೆ. "ಪರವಾಲೇದು" ಅಂದಳು, ಪರವಾಗಿಲ್ಲ ಅಂತ, ಅವಳ ಬಾಯಿಗೆ ಆಗಲೇ ಹತ್ತಿದ್ದ ತೆಲುಗಿನಲ್ಲಿ. ಚಹಾ ಸೋಸಿ ಮೊದಲ ಕಪ್ಪು ನನಗೇ ಕೊಟ್ಟಳು. ನನಗೆ ಅಳು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ತಾರೀಖನ್ನು ಅತ್ತೆಗೆ ಓದಿ ಹೇಳದೆ ಬಿಡುತ್ತಿರಲಿಲ್ಲ.