ಬಂದೋಗಕ್ಕನ ಖಾಲಿ ಬೆಂಚು

ರೋಗಿ ದೂರ ಇದ್ದಷ್ಟೂ ಆರೋಗ್ಯ ಕೇಂದ್ರಕ್ಕೆ ಲಾಭವಂತೆ! ಈ ಮಾತು ಅವಳ ತಲೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಬಟ್ಟೆ ಹಿಂಡುವಾಗ ಅದೇ, ಹಾಲು ಕಾಯಿಸುವಾಗ ಅದೇ, ಮಲಗಿದ ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಾಗಲೂ ಅದೇ. ಈಗಷ್ಟೇ ನಡೆಯಲು ಕಲಿತ ಪುಟ್ಟಿಗೆ ಸ್ವಲ್ಪ ಶೀತವಾದರೆ ಸಾಕು, ಎದೆಯೊಳಗಿಂದ ಸುಂಯ್ ಅಂತ ಶಬ್ದ ಏಳುತ್ತಿತ್ತು. ಆಗೆಲ್ಲ ಮಗುವನ್ನು ಎತ್ತಿಕೊಂಡು ಓಡುತ್ತಿದ್ದುದು ಬೀದಿಯ ಕೊನೆಯಲ್ಲಿದ್ದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ. ಅಲ್ಲಿಯವರಿಗೇ ತಾನು ಬರುವುದು ಬೇಡವಾದರೆ?

ಕೇಂದ್ರವೆಂದರೆ ಅಲ್ಲಿನ ನರ್ಸ್, ನರ್ಸ್ ಎಂದರೆ ಬಂದೋಗಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರಿಂದ ಕರೆದರೆ ಅವರೂ ಇನ್ಯಾರನ್ನೋ ಕರೆದರೆಂದು ಸುಮ್ಮನಿರುತ್ತಿದ್ದರೇನೋ. ಯಾರು ಯಾವ ಕಾಯಿಲೆ ಹೇಳಿಕೊಂಡು ಬಂದರೂ ಕೊನೆಗೊಂದು ಮಾತು: "ನಾಳೆ ಒಂದ್ಸಲ ಬಂದೋಗಿ." ಮಗುವಿನ ತೂಕಕ್ಕೆ ಒಂದು ದಿನ, ಲಸಿಕೆಗೆ ಮರುದಿನ, ಲಸಿಕೆಯಿಂದ ಜ್ವರ ಬಂತಾ ಎಂದು ನೋಡಲು ಅದರ ಮರುದಿನ. ಬೆಂಚಿನ ಮೇಲೆ ಜನ ಒತ್ತೊತ್ತಾಗಿ ಕೂತು, ಜಾಗ ಸಿಗದವರು ಕಿಟಕಿಗೆ ಒರಗಿ ನಿಲ್ಲುತ್ತಿದ್ದರು. ಅವರ ನಡುವೆ ಒಂದೇ ಕಡೆ ಸವೆದ ಚಪ್ಪಲಿ ಎಳೆಯುತ್ತಾ ಅಕ್ಕ ಓಡಾಡುತ್ತಿದ್ದರು. ಬೀದಿಗೆಲ್ಲ ಕೇಳುವ ಗಂಟಲು.

"ಅಜ್ಜ, ಆ ಕಡೆ ತಿರುಗಿ ಕೆಮ್ಮಬೇಡಿ, ಗೋಡೆಗೆ ಶೀತ ಆಗುತ್ತೆ!"

ಬೇರೆಯವರು ಗೊಣಗಿದರೂ ಅವಳಿಗೆ ಆ ಓಡಾಟ ಇಷ್ಟವೇ ಆಗಿತ್ತು. ಹೋಗಿ ಬಂದ ದಿನ ಕಣ್ತುಂಬ ನಿದ್ದೆ.

ಅಷ್ಟರಲ್ಲಿ ಸರ್ಕಾರ ಹಣ ಕೊಡುವ ರೀತಿಯನ್ನೇ ಬದಲಾಯಿಸಿತು. ಮೊದಲು ರೋಗಿ ಬಾಗಿಲು ದಾಟಿದಷ್ಟು ಸಲ ಕೇಂದ್ರಕ್ಕೆ ಹಣ. ಇನ್ನು ಮೇಲೆ ಬಂದರೂ ಬರದಿದ್ದರೂ ಮನೆಗೆ ಇಷ್ಟು ಅಂತ ವರ್ಷಕ್ಕೊಮ್ಮೆ. ಮಕ್ಕಳು ದೊಡ್ಡಾಸ್ಪತ್ರೆ ಸೇರುವುದು ಕಡಿಮೆಯಾದರೆ ಅದರ ಮೇಲೆ ಇನ್ನಷ್ಟು. ಸುದ್ದಿ ಕೇಳಿದ ವಾರವೇ ಅವಳು ಪುಟ್ಟಿಯೊಂದಿಗೆ ಹೋದರೆ, ಅಕ್ಕ ತೂಕ, ಲಸಿಕೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿ, "ಇನ್ನು ಸುಮ್ಮಸುಮ್ಮನೆ ಬರಬೇಡ" ಎಂದುಬಿಟ್ಟರು.

ಬರಬೇಡ! ಬಂದೋಗಕ್ಕನ ಬಾಯಲ್ಲಿ!

ಮನೆಗೆ ಬಂದು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊದಲು ಹೋದ್ರೆ ಅವರಿಗೆ ದುಡ್ಡು, ಈಗ ಹೋಗದಿದ್ರೆ ದುಡ್ಡು. ನೀನು ಹೊಸ್ತಿಲ ಮೇಲೆ ನಿಂತ್ಕೊಂಡುಬಿಡು, ಅರ್ಧ ಸಿಗುತ್ತೆ!"

ಅವಳಿಗೆ ನಗು ಬರಲಿಲ್ಲ.

ಆದರೆ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ್ದು ಯಾರು? ಸಾಕ್ಷಾತ್ ಬಂದೋಗಕ್ಕ! ಹೆಗಲಿಗೆ ಚೀಲ, ಮುಖದ ತುಂಬ ಬೆವರು, ಕಣ್ಣಲ್ಲಿ ಹೊಸ ಮಿಂಚು.

"ಖಾಲಿ ಬೆಂಚು ನೋಡ್ತಾ ಕೂತ್ರೆ ಹುಚ್ಚು ಹಿಡಿಯುತ್ತೆ ಕಣೇ. ಅದಕ್ಕೇ ನಾನೇ ಹೊರಟೆ. ಎಲ್ಲಿ ಮಲಗುತ್ತೆ ಮಗು?"

ಒಳಗೆ ಬಂದವರು ನೇರ ಪುಟ್ಟಿಯ ತೊಟ್ಟಿಲ ಹಿಂದೆ ಬಗ್ಗಿ ನೋಡಿದರು. ಗೋಡೆಯ ಬುಡದಲ್ಲಿ ನೀರು ಜಿನುಗಿ, ಅಂಗೈಯಗಲ ಕಪ್ಪು ಬೂಷ್ಟು ಹಿಡಿದಿತ್ತು.

"ಅಯ್ಯೋ ದೇವರೇ! ಎಷ್ಟು ಸಲ ಔಷಧಿ ಕೊಟ್ಟು ಕಳಿಸಿದೀನಿ ಈ ಮಗೂಗೆ! ಒಂದ್ಸಲನಾದ್ರೂ ಈ ಗೋಡೆ ನೋಡಿದ್ನಾ? ಹಿಡಿ, ತೊಟ್ಟಿಲು ಆಚೆ ಎಳಿ!" ಅಕ್ಕನ ಉತ್ಸಾಹಕ್ಕೆ ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಕೈಹಾಕಿದರು. ತೊಟ್ಟಿಲು ಕಿಟಕಿಯ ಪಕ್ಕ ಬಂತು.

ಆಗ ಅವಳಿಗೆ ತಡೆಯಲಾಗಲಿಲ್ಲ. "ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಬರದಿದ್ರೆ ನಿಮಗೇ ಲಾಭ ತಾನೆ?"

ಅತ್ತೆ ನಾಲಿಗೆ ಕಚ್ಚಿಕೊಂಡರು. ಅಕ್ಕ ಮಾತ್ರ ಗಹಗಹಿಸಿದರು.

"ಹೌದು, ಲಾಭ! ಮತ್ತೆ ಅವತ್ತು ತೂಕಕ್ಕೊಂದಿನ ಲಸಿಕೆಗೊಂದಿನ ಅಂತ ಓಡಾಡಿಸ್ತಿದ್ನಲ್ಲ, ನಿನ್ನ ಮುಖ ನೋಡೋ ಆಸೆಗೆ ಅಂದ್ಕೊಂಡಿದ್ಯಾ? ಅದೂ ಲಾಭಕ್ಕೇ. ನೀನು ಅದನ್ನೇ ಪ್ರೀತಿ ಅಂತಿದ್ದೆ."

"ಹಾಗಾದ್ರೆ ಈಗ ಬರಬೇಡ ಅಂದ್ರೆ ಹೇಗೆ ನಂಬಲಿ?"

"ನಂಬಬೇಡ." ಅಕ್ಕ ಅವಳ ಕೈ ಹಿಡಿದೆಳೆದು ಪುಟ್ಟಿಯ ಪಕ್ಕೆಯ ಮೇಲಿಟ್ಟರು. "ಇಲ್ಲಿ ನೋಡು. ಅಳುವಾಗ ಅಲ್ಲ, ಸುಮ್ಮನಿದ್ದಾಗ. ಉಸಿರು ಎಳ್ಕೊಂಡಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿತ್ತಾ, ಫೋನ್ ಮಾಡಿ ಹೊರಟುಬಿಡು. ನಾನೇ ಬೇಡ ಅಂದ್ರೂ ಬಾ. ನನಗೆ ಸಂಬಳ ಕೊಡೋರು ಇದಾರೆ, ಆ ಗುಳಿಗೆ ಯಾರೂ ಸಂಬಳ ಕೊಡಲ್ಲ, ಅದು ಸುಳ್ಳು ಹೇಳಲ್ಲ."

ಅಂದಿನಿಂದ ಬೀದಿಯಲ್ಲಿ ಸವೆದ ಚಪ್ಪಲಿಯ ಸದ್ದೇ ಸದ್ದು. ಕೆಮ್ಮುವ ಅಜ್ಜನ ಮನೆಯಲ್ಲಿ ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಯನ್ನು ಅಕ್ಕ ನಿಂತು ತೆಗೆಸಿದರಂತೆ. "ಬಂದೋಗಕ್ಕ ಅಲ್ಲ, ಈಗ ಬರ್ತಾನೇ ಇರೋ ಅಕ್ಕ" ಎಂದು ಅತ್ತೆ ಹೊಸ ಹೆಸರಿಟ್ಟರು. ಪುಟ್ಟಿಯ ಎದೆಯ ಸದ್ದೂ ಕಡಿಮೆಯಾಯಿತು. ಅವಳ ಅನುಮಾನ ಮಾತ್ರ ಪೂರ್ತಿ ಹೋಗಲಿಲ್ಲ. ಅಂಥ ಗಳಿಗೆ ಬಂದು, ಫೋನ್ ಮಾಡಿದಾಗ, ಆ ಕಡೆಯಿಂದ ರಾಗ ಎಳೆದರೆ?

ಬಂದೇಬಿಟ್ಟಿತು. ಮಧ್ಯಾಹ್ನ ಊಟ ಬೇಡವೆಂದು ಮುಖ ತಿರುಗಿಸಿದ ಪುಟ್ಟಿಯ ಎದೆಯಲ್ಲಿ ಮತ್ತೆ ಸುಂಯ್! ಅವಳು ಫೋನ್ ತೆಗೆದುಕೊಂಡಳು, ಇಟ್ಟಳು. ಮತ್ತೆ ತೆಗೆದುಕೊಂಡಳು. ಸುಮ್ಮಸುಮ್ಮನೆ ಅಂದುಬಿಟ್ಟರೆ? ಮಗು ಅಳುತ್ತಿತ್ತು; ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಅಳು ನಿಂತಿತು. ಅಂಗಿ ಮೇಲೆ ಸರಿಸಿದಳು.

ಉಸಿರು ಒಳಗೆ ಹೋಯಿತು. ಗುಳಿ ಬಿತ್ತು. ಇನ್ನೊಮ್ಮೆ. ಮತ್ತೆ ಬಿತ್ತು.

ಅವಳ ತಲೆ ತಿಳಿಯಾಗಿತ್ತು. ಇದು ಭಯವಲ್ಲ, ಕಣ್ಣಾರೆ ಕಂಡದ್ದು! "ಅತ್ತೆ, ಪುಟ್ಟಿ ಟೋಪಿ ತನ್ನಿ!" ಎಂದು ಕೂಗಿ ಫೋನ್ ಒತ್ತಿದಳು.

"ಹಲೋ, ಏನೇ?"

"ಅಕ್ಕ, ಗುಳಿ ಬೀಳ್ತಿದೆ."

"ಅಳ್ತಿದಾಳಾ?"

"ಇಲ್ಲ, ಸುಮ್ಮನೆ ಮಲಗಿದಾಳೆ. ಎರಡೂ ಪಕ್ಕೆ." ಯಾವಾಗಲೂ "ಬರಲಾ?" ಎಂದೇ ಕೇಳುತ್ತಿದ್ದವಳು ಒಂದು ಕ್ಷಣವೂ ತಡೆಯಲಿಲ್ಲ. "ನಾನು ಬರ್ತಾ ಇದ್ದೀನಿ."

ಆ ಕಡೆ ಕುರ್ಚಿ ದಡಕ್ಕನೆ ಹಿಂದೆ ಸರಿಯಿತು, ಸವೆದ ಚಪ್ಪಲಿ ಓಡಿತು, "ಡಾಕ್ಟ್ರೇ, ಆಕ್ಸಿಜನ್ ರೆಡಿ ಮಾಡಿ!" ಎಂಬ ಕೂಗು ಕಿವಿಗಪ್ಪಳಿಸಿತು.

"ಓಡ್ಬಾ ನನ್ನ ತಾಯಿ," ಎಂದರು ಬಂದೋಗಕ್ಕ, "ಇಡೀ ಬೆಂಚು ನಿನಗೇ ಅಂತ ಖಾಲಿ ಇಟ್ಟಿದೀನಿ!"